ಅಮ್ಮನ ನಡಿಗೆಗೆ ಎಷ್ಟು ನಿಮಿಷ?

ನಮಸ್ಕಾರ. ಕ್ಯಾಲಿಫೋರ್ನಿಯಾ ಅಂದ್ರೆ ನಮ್ಮವರಿಗೆ ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೊಸೆ. ಅಲ್ಲಿಂದ ಇಡೀ ದಿನ ಉತ್ತರಕ್ಕೆ ಕಾರು ಓಡಿಸಿದ್ರೆ ಆರೆಗಾನ್ ಗಡಿಗೆ ಅಂಟಿಕೊಂಡ ಡೆಲ್ ನಾರ್ಟ್ ಕೌಂಟಿ ಸಿಗುತ್ತೆ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ. ಸುಮಾರು 27 ಸಾವಿರ ಜನ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ರೆಡ್‌ವುಡ್ ಕಾಡು, ನಡುವೆ ಕ್ರೆಸೆಂಟ್ ಸಿಟಿ ಅನ್ನೋ ಸಣ್ಣ ಊರು.

1964ರ ಮಾರ್ಚ್ 27ರಂದು ಅಲಾಸ್ಕಾದಲ್ಲಿ 9.2 ತೀವ್ರತೆಯ ಭೂಕಂಪ ಆಯ್ತು. ಸುಮಾರು ನಾಲ್ಕು ಗಂಟೆ ಕಳೆದು, ನಡುರಾತ್ರಿ ಹೊತ್ತಿಗೆ ಸುನಾಮಿ ಈ ಊರು ಮುಟ್ಟಿತು. ಮೊದಲ ಅಲೆ ಬೀದಿಗೆ ನುಗ್ಗಿ ಇಳೀತು. ಆಮೇಲಿನ ಎರಡು ಅದಕ್ಕಿಂತ ಸಣ್ಣವು. ಮುಗೀತಪ್ಪಾ ಅಂದುಕೊಂಡು ಜನ ವಾಪಸ್ ಬಂದ್ರು. ಯಾರೋ ಅಂಗಡಿಯ ಕೆಸರು ತೆಗೆಯೋಕೆ, ಒಂದು ಬಾರಿನವರು ಗಲ್ಲಾಪೆಟ್ಟಿಗೆ ದುಡ್ಡು ತರೋಕೆ. ನಾಲ್ಕನೆಯ ಅಲೆ ಇಪ್ಪತ್ತು ಅಡಿ ಎತ್ತರಕ್ಕೆ ಎದ್ದು ಬಂತು. ಊರಲ್ಲಿ 11 ಜನ ಸತ್ತರು.

ಅವರನ್ನ ದಡ್ಡರು ಅನ್ನೋಕೆ ನನಗೆ ಬಾಯಿ ಬರಲ್ಲ. ಅಲ್ಲೀವರೆಗೆ ಕಂಡ ಸುನಾಮಿಗಳು ಅಂಥ ಹಾನಿಯನ್ನೇನೂ ಮಾಡಿರಲಿಲ್ಲ. ಅನುಭವವೇ ಅವರಿಗೆ ಕೈಕೊಟ್ಟಿತು.

ಈಗ ಲೆಕ್ಕದ ವಿಷಯಕ್ಕೆ ಬರ್ತೀನಿ. ಅಮೆರಿಕ ಸರ್ಕಾರದ ವಿಕೋಪ ನಿರ್ವಹಣಾ ಸಂಸ್ಥೆ ಫೇಮಾ ಪ್ರತಿ ಕೌಂಟಿಯ ಅಪಾಯಕ್ಕೂ ಒಂದು ಸೂಚ್ಯಂಕ ಮಾಡಿದೆ. ಭೂಕಂಪ, ಕಾಳ್ಗಿಚ್ಚು, ಸುನಾಮಿ, ಹೀಗೆ 18 ಬಗೆಯ ವಿಕೋಪಗಳಿಂದ ವರ್ಷಕ್ಕೆ ಎಷ್ಟು ನಷ್ಟ ಆಗಬಹುದು ಅಂತ ಡಾಲರಲ್ಲಿ ಅಂದಾಜು ಮಾಡ್ತಾರೆ. ಸಾವಿಗೂ ಅದರಲ್ಲಿ ಡಾಲರ್ ಬೆಲೆ ಇದೆ. ಆ ಮೊತ್ತವನ್ನ ಜನರ ದುರ್ಬಲತೆಯಿಂದ ಗುಣಿಸಿ, ಚೇತರಿಸಿಕೊಳ್ಳೋ ಶಕ್ತಿಯಿಂದ ಭಾಗಿಸ್ತಾರೆ. ಶ್ರದ್ಧೆಯ ಕೆಲಸ, ನಾನು ತಳ್ಳಿಹಾಕಲ್ಲ. ಆದ್ರೆ ಮನೆ ಕಡಿಮೆ, ಮನೆಯ ಬೆಲೆಯೂ ಕಡಿಮೆ ಇರೋ ಕಡೆ ನಷ್ಟದ ಮೊತ್ತ ತಾನಾಗೇ ಚಿಕ್ಕದಾಗುತ್ತೆ. ಕೆಲವು ನೂರು ವರ್ಷಕ್ಕೊಮ್ಮೆ ಬರೋ ಮಹಾ ಅನಾಹುತವನ್ನ ವರ್ಷವರ್ಷಕ್ಕೆ ಹಂಚಿದ್ರೆ ಉಳಿಯೋದು ಚಿಲ್ಲರೆ.

ಅಂಥ ಅನಾಹುತ ಇಲ್ಲಿ ಬಾಗಿಲಲ್ಲೇ ಕೂತಿದೆ. ಈ ಕರಾವಳಿಯ ಮುಂದೆ, ಸಮುದ್ರದಡಿಯಲ್ಲಿ, ಕ್ಯಾಸ್ಕೇಡಿಯಾ ಅನ್ನೋ ಭೂಫಲಕಗಳ ಗಡಿ ಇದೆ. ಅದು ಕೊನೇ ಸಲ ಪೂರ್ತಿ ಬಿರಿದು ಮಹಾ ಭೂಕಂಪ, ಸುನಾಮಿ ಆದದ್ದು 1700ರ ಜನವರಿ 26ರಂದು. ದಿನಾಂಕ ಗೊತ್ತಾದದ್ದು ಹೇಗೆ ಅಂದ್ರೆ, ತಮ್ಮಲ್ಲಿ ನೆಲ ನಡುಗದೇ ಬಂದ ಸುನಾಮಿಯೊಂದನ್ನ ಜಪಾನಿನವರು ಆಗಲೇ ಬರೆದಿಟ್ಟಿದ್ರು; ಅದು ಇಲ್ಲಿಂದ ಹೋದ ಅಲೆ. ಅಲಾಸ್ಕಾದ ಅಲೆ ನಾಲ್ಕು ಗಂಟೆ ಕೊಟ್ಟಿತ್ತು. ಕ್ಯಾಸ್ಕೇಡಿಯಾದ್ದು ಕೊಡೋದು ಹತ್ತು ನಿಮಿಷದ ಆಸುಪಾಸು.

ಇನ್ನು ರಸ್ತೆ. ದಕ್ಷಿಣಕ್ಕೆ ಹೋಗೋ 101ನೇ ಹೆದ್ದಾರಿಯಲ್ಲಿ ಲಾಸ್ಟ್ ಚಾನ್ಸ್ ಗ್ರೇಡ್ ಅನ್ನೋ ಜಾಗದಲ್ಲಿ ಗುಡ್ಡ ದಶಕಗಳಿಂದ ಸಮುದ್ರದ ಕಡೆ ಜಾರ್ತಾನೇ ಇದೆ. ಪೂರ್ವದ 199ನೇ ಹೆದ್ದಾರಿ 2023ರ ಆಗಸ್ಟಿನಲ್ಲಿ ಸ್ಮಿತ್ ನದಿ ಕಣಿವೆಯ ಕಾಳ್ಗಿಚ್ಚಿಗೆ ಮುಚ್ಚಿತು, ಕೌಂಟಿಗೆ ಕರೆಂಟೂ ಹೋಯ್ತು. ನನ್ನನ್ನ ಕೇಳಿದ್ರೆ, ಹಳ್ಳಿಗಾಡಿನ ಅಪಾಯ ಅಳೆಯೋಕೆ ಮೊದಲು ಎಣಿಸಬೇಕಾದ್ದು ಹೊರಗೆ ಹೋಗೋ ದಾರಿಗಳನ್ನ. ಆಮೇಲೆ ನಿಮಿಷಗಳನ್ನ.

ರೆಡ್‌ವುಡ್ ತೋರಿಸೋಕೆ ಊರಿಂದ ಬಂದ ಅಪ್ಪ ಅಮ್ಮನ್ನ ನಮ್ಮಲ್ಲಿ ತುಂಬಾ ಜನ ಇಲ್ಲಿಗೆ ಕರ್ಕೊಂಡು ಬರ್ತಾರೆ. ನಾನೂ ಬಂದಿದ್ದೆ. ಬಂದರಿನ ಹತ್ತಿರ ಕಾರು ನಿಲ್ಲಿಸಿ, ಸುನಾಮಿ ದಾರಿ ತೋರಿಸೋ ನೀಲಿ ಫಲಕ ನೋಡಿಕೊಂಡು ಅಮ್ಮನ ಜೊತೆ ಎತ್ತರದ ಕಡೆ ನಡೆದೆ, ಫೋನಿನಲ್ಲಿ ಸಮಯ ಹಾಕಿ. ಅಮ್ಮನಿಗೆ ಮಂಡಿ ನೋವು. ಎರಡು ಕಡೆ ಬೇಲಿ ಹಿಡಿದು ನಿಂತ್ರು. ಅಪಾಯದ ವಲಯ ಮುಗೀತು ಅನ್ನೋ ಫಲಕ ಕಂಡಾಗ ಫೋನಿನಲ್ಲಿ 27 ನಿಮಿಷ. ಅದು ಹಗಲು, ಒಣಗಿದ ರಸ್ತೆ, ನೆಲ ನಡುಗಿರಲಿಲ್ಲ.