ಫೈಲಿನಲ್ಲಿ ಬರೆದಿಡಿ

ಕೇಳುಗರಿಗೆ ನಮಸ್ಕಾರ. ಲಿನಕ್ಸ್, ಅಂದರೆ ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆ ನಡೆಸುವ ಯಂತ್ರಕ್ಕೆ ನೆಟ್‌ವರ್ಕ್ ಹೊಂದಿಸುವುದು ಹೇಗೆಂದು ಹೇಳಲು ಧಾರವಾಡ ಆಕಾಶವಾಣಿಯವರು ಐದು ನಿಮಿಷ ಕೊಟ್ಟಿದ್ದಾರೆ. ಅಷ್ಟಕ್ಕೆ ಒಂದೇ ಮಾತು ಸಾಕು. ಕಮಾಂಡ್ ಕೊಟ್ಟು ಮಾಡಿದ್ದು ಯಂತ್ರ ಆರುವ ತನಕ. ಫೈಲಿನಲ್ಲಿ ಬರೆದದ್ದೇ ಉಳಿಯುತ್ತದೆ.

ಮೊದಲು ಇರುವುದನ್ನು ನೋಡಿ. ಕಮಾಂಡ್ ಹೊಡೆಯುವ ಕಿಟಕಿ, ಅಂದರೆ ಟರ್ಮಿನಲ್ ತೆರೆದು ‘ಐಪಿ’ ಎಂದು ಹೊಡೆದು, ಜಾಗ ಬಿಟ್ಟು, ‘ಎ’ ಹೊಡೆಯಿರಿ. ‘ಎಲ್‌ಒ’ ಎಂಬುದೊಂದು ಕಾಣುತ್ತದೆ. ಯಂತ್ರ ತನ್ನೊಡನೆ ತಾನೇ ಮಾತಾಡಿಕೊಳ್ಳುವ ದಾರಿ ಅದು; ಅದರ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಗುರುತಿನ ಸಂಖ್ಯೆ, 127.0.0.1. ಅದರ ತಂಟೆಗೆ ಹೋಗಬೇಡಿ. ಅದರ ಕೆಳಗಿರುವುದು ನಿಮ್ಮ ನೆಟ್‌ವರ್ಕ್ ಕಾರ್ಡು. ಹಿಂದೆ ಅದಕ್ಕೆ ‘ಇಟಿಎಚ್0’ ಎಂಬ ಹೆಸರಿತ್ತು; ಎರಡು ಕಾರ್ಡುಗಳಿದ್ದರೆ ಹೆಸರುಗಳು ಅದಲುಬದಲಾಗುತ್ತಿದ್ದವು. ಈಗ ಕಾರ್ಡು ಕುಳಿತ ಜಾಗವನ್ನೇ ಹಿಡಿದು ‘ಇಎನ್‌ಪಿ3ಎಸ್0’ ಎಂಬಂಥ ಹೆಸರಿಡುತ್ತಾರೆ. ನಿಮ್ಮ ಪರದೆಯಲ್ಲಿ ಕಂಡ ಹೆಸರನ್ನೇ ಬರೆಯಿರಿ. ಬೇರೆಯವರದನ್ನು ನಕಲು ಮಾಡಿ ‘ನಡೆಯುತ್ತಿಲ್ಲ ಸರ್’ ಎಂದು ಫೋನ್ ಮಾಡುವವರಿಗೆ ನಾನೇನು ಹೇಳಲಿ?

ಬ್ಯಾಡಗಿಯಲ್ಲಿ ಒಂದು ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕವೆಲ್ಲ ಒಂದು ಲಿನಕ್ಸ್ ಯಂತ್ರದಲ್ಲಿ. ಗುಮಾಸ್ತರ ನಾಲ್ಕು ಕಂಪ್ಯೂಟರುಗಳು ಅದನ್ನು 192.168.1.10ರಲ್ಲಿ ಹುಡುಕುತ್ತಿದ್ದವು. ಆ ವಿಳಾಸವನ್ನು ನಾನು ಕಮಾಂಡಿನಲ್ಲೇ ಕೊಟ್ಟೆ. ಕೂಡಲೇ ಬಿಲ್ಲುಗಳು ಬರತೊಡಗಿದವು. ಘಾಟಿಗೆ ಸೀನುತ್ತಲೇ ಸಾಹುಕಾರರು ತರಿಸಿದ ಗಿರಮಿಟ್ಟು, ಮಿರ್ಚಿ ತಿಂದು ಹುಬ್ಬಳ್ಳಿಯ ಬಸ್ಸು ಹತ್ತಿದೆ. ಅವರು ಕೊಟ್ಟ ಒಂದು ಕಿಲೋ ಮೆಣಸಿನಕಾಯಿಯೂ ಚೀಲದಲ್ಲಿತ್ತು.

ರಾತ್ರಿ ಅಲ್ಲಿ ಕರೆಂಟು ಹೋಗಿ ಬಂತಂತೆ. ಮರುದಿನ ಮಾರಾಟದ ದಿನ, ಅಂಗಡಿಯ ಮುಂದೆ ಚೀಲಗಳ ರಾಶಿ. ಬೆಳಿಗ್ಗೆಯೇ ಸಾಹುಕಾರರ ಫೋನು: ‘ಸರ್, ನಿನ್ನೆ ಕೊಟ್ಟ ನಂಬರು ಎಲ್ಲಿಗೆ ಹೋಯಿತು?’ ರೌಟರು ಯಂತ್ರಕ್ಕೆ ಬೇರೆ ವಿಳಾಸ ಹಂಚಿತ್ತು. ನಾನು ಬರೆದಿಡಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ; ‘ಬಂದೆ’ ಎಂದಷ್ಟೇ ಹೇಳಿ ಮತ್ತೆ ಬಸ್ಸು ಹಿಡಿದೆ. ಹೋಗಿ ನೋಡಿದರೆ ಗುಮಾಸ್ತರು ಕೈಯಲ್ಲೇ ಪಟ್ಟಿ ಬರೆಯುತ್ತಿದ್ದಾರೆ. ಅವರಲ್ಲಿ ಹಿರಿಯರೊಬ್ಬರು ಕನ್ನಡಕದ ಮೇಲಿನಿಂದ ನೋಡಿ, ‘ನಮ್ಮ ಕಾಗದಕ್ಕೆ ಕರೆಂಟು ಬೇಕಾಗಿಲ್ಲ ಸರ್’ ಎಂದರು. ಅಂದು ಗಿರಮಿಟ್ಟು ಬರಲಿಲ್ಲ.

ಸಮಯ ಅಲ್ಲೇ ಕಳೆಯಿತು, ಉಳಿದದ್ದು ಬೇಗ ಹೇಳುತ್ತೇನೆ. ಲಿನಕ್ಸಿನಲ್ಲಿ ಹಲವು ಬಗೆ. ಅವುಗಳಲ್ಲೊಂದಾದ ಉಬುಂಟು ಸರ್ವರಿನಲ್ಲಿ ಬರೆಯುವ ಜಾಗ ‘ಇಟಿಸಿ’ಯೊಳಗಿನ ‘ನೆಟ್‌ಪ್ಲಾನ್’ ಫೋಲ್ಡರಿನ ಫೈಲು. ಅಲ್ಲಿ ಸಾಲಿನ ಆರಂಭದಲ್ಲಿ ಸ್ಪೇಸ್ ಮಾತ್ರ ಬಿಡಿ, ಟ್ಯಾಬ್ ಒತ್ತಬೇಡಿ. ಇನ್ನೊಂದು ಬಗೆಯಾದ ಡೆಬಿಯನ್ನಿನಲ್ಲಾದರೆ ‘ಇಟಿಸಿ’, ‘ನೆಟ್‌ವರ್ಕ್’, ಅದರೊಳಗೆ ‘ಇಂಟರ್‌ಫೇಸಸ್’. ವಿಳಾಸ, ಹೊರಗೆ ಹೋಗುವ ಬಾಗಿಲಾದ ಗೇಟ್‌ವೇ, ಹೆಸರನ್ನು ವಿಳಾಸವಾಗಿಸಿ ಕೊಡುವ ಡಿಎನ್‌ಎಸ್ ಮೂರನ್ನೂ ಬರೆಯಿರಿ; 192.168.1.10ರಂಥ ವಿಳಾಸದ ಕೊನೆಗೆ ಓರೆಗೆರೆ ಎಳೆದು, ನೆಟ್‌ವರ್ಕಿನ ಗಾತ್ರ ಹೇಳುವ 24 ಹಾಕುವುದನ್ನು ಮರೆಯಬೇಡಿ. ಉಬುಂಟುವಿನಲ್ಲಿ ದೂರದಿಂದ ಕೆಲಸ ಮಾಡುವವರು ‘ನೆಟ್‌ಪ್ಲಾನ್ ಟ್ರೈ’ ಎಂದು ಕೊಡಿ. ನೀವು ಒಪ್ಪಿಗೆ ಒತ್ತದಿದ್ದರೆ 120 ಸೆಕೆಂಡಿಗೆ ಅದು ಹಳೆಯದಕ್ಕೇ ಮರಳುತ್ತದೆ.

ಇಷ್ಟಾದ ಮೇಲೆ ಯಂತ್ರವನ್ನು ನೀವೇ ಒಮ್ಮೆ ಆರಿಸಿ, ಹಚ್ಚಿ, ಮತ್ತೆ ‘ಐಪಿ ಎ’ ಹೊಡೆದು ನೋಡಿ. ಅದೇ ವಿಳಾಸ ಕಂಡರೆ ಬಸ್ಸು ಹತ್ತಿ. ನಮಸ್ಕಾರ.