ಎಲೆ ಕೀಳದೆ ಎಲೆ ಅಳೆಯುವುದು

ಎಲ್ಲರಿಗೂ ನಮಸ್ಕಾರ.

ನಾನು ವಿದ್ಯಾರ್ಥಿಯಾಗಿದ್ದಾಗ ನನ್ನ ಗೊಬ್ಬರದ ಪ್ರಯೋಗ ಮೆಕ್ಕೆಜೋಳದ ಮೇಲೆ ನಡೆದಿತ್ತು. ಹದಿನೈದು ದಿನಕ್ಕೊಮ್ಮೆ ಪ್ರತಿ ತಾಕಿನಿಂದ ಐದು ಗಿಡ ಕಿತ್ತು ತರಬೇಕು, ಎಲೆ ಬಿಡಿಸಬೇಕು, ಅವು ಬಾಡುವುದರೊಳಗೆ ಯಂತ್ರದಲ್ಲಿ ಹಾಯಿಸಿ ವಿಸ್ತೀರ್ಣ ಬರೆದುಕೊಳ್ಳಬೇಕು. ತೆನೆ ಕಟ್ಟುವ ಹೊತ್ತಿಗೆ ತಾಕಿನಲ್ಲಿ ಎಲ್ಲಿ ನೋಡಿದರೂ ಖಾಲಿ ಜಾಗ. ಅದರ ಪಕ್ಕದ ಗಿಡಗಳಿಗೆ ಬಿಸಿಲು ಹೆಚ್ಚು ಸಿಕ್ಕಿ, ಕೆಳಗಿನ ಎಲೆಗಳು ಉಳಿದ ಗಿಡಗಳಿಗಿಂತ ಹೆಚ್ಚು ದಿನ ಹಸಿರಾಗಿದ್ದವು. ಕೊನೆಕೊನೆಯ ಅಳತೆಗಳಲ್ಲಿ ಗೊಬ್ಬರದ ಪರಿಣಾಮದ ಜೊತೆಗೆ ನನ್ನ ಕುಡುಗೋಲಿನ ಪರಿಣಾಮವೂ ಸೇರಿಕೊಂಡಿತ್ತು. ಇನ್ನೊಂದು ಕೊರತೆ ಆಮೇಲೆ ಹೊಳೆಯಿತು: ಮೂವತ್ತನೇ ದಿನ ಅಳೆದ ಗಿಡ ನಲವತ್ತೈದನೇ ದಿನಕ್ಕೆ ಇರಲೇ ಇಲ್ಲ. ಎರಡು ಬೇರೆ ಗಿಡಗಳ ವ್ಯತ್ಯಾಸವನ್ನೇ ನಾನು ಬೆಳವಣಿಗೆ ಎಂದು ಬರೆದಿದ್ದೆ. ತಳಿ ಅಭಿವೃದ್ಧಿಯವರಿಗಂತೂ ಕಷ್ಟ ಇನ್ನೂ ದೊಡ್ಡದು. ಎರಡು ತಳಿ ಕೂಡಿಸಿದ ಮೇಲೆ ಬರುವ ಎರಡನೇ ಪೀಳಿಗೆಯಲ್ಲಿ ಒಂದೊಂದು ಗಿಡದ ಗುಣವೂ ಬೇರೆ. ಎಲೆ ಅಳೆಯಲು ಗಿಡ ಕಿತ್ತರೆ ಅದರ ಬೀಜವೂ ಹೋಯಿತು.

ಇದಕ್ಕೆ ಉಪಾಯ ನೂರು ವರ್ಷಕ್ಕಿಂತ ಹಳೆಯದು. 1911ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಮಾಂಟ್‌ಗೊಮೆರಿ ಎಂಬ ಕೃಷಿ ವಿಜ್ಞಾನಿ ಮೆಕ್ಕೆಜೋಳಕ್ಕೆ ಒಂದು ಸೂತ್ರ ಕೊಟ್ಟರು: ಎಲೆಯ ಉದ್ದವನ್ನು ಅತಿ ಹೆಚ್ಚಿನ ಅಗಲದಿಂದ ಗುಣಿಸಿ, ಬಂದದ್ದನ್ನು 0.75ರಿಂದ ಗುಣಿಸಿ. ಈ ಮುಕ್ಕಾಲು ಎಲ್ಲಿಂದ ಬಂತು? ಎಲೆಯ ಸುತ್ತ ಒಂದು ಆಯತ ಬರೆದುಕೊಳ್ಳಿ. ಎಲೆ ತ್ರಿಕೋನವಾಗಿದ್ದರೆ ಆಯತದ ಅರ್ಧ ತುಂಬುತ್ತಿತ್ತು. ಸರಿಯಾದ ಅಂಡಾಕಾರವಾಗಿದ್ದರೆ 0.785 ಭಾಗ. ಮೆಕ್ಕೆಜೋಳದ ಎಲೆ ಬಹುದೂರ ಒಂದೇ ಅಗಲದಲ್ಲಿ ಸಾಗಿ ತುದಿಯಲ್ಲಿ ಚೂಪಾಗುತ್ತದೆ, ಹಾಗಾಗಿ ಸುಮಾರು ಮುಕ್ಕಾಲು ಭಾಗ ತುಂಬುತ್ತದೆ. ಭತ್ತಕ್ಕೂ ಜೋಳಕ್ಕೂ ಇದರ ಹತ್ತಿರದ ಸಂಖ್ಯೆಯೇ ಬಳಕೆಯಲ್ಲಿದೆ, ಬಾಳೆಗೆ 0.8.

80 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲದ ಎಲೆ ಎಂದರೆ 540 ಚದರ ಸೆಂ.ಮೀ. ಗಿಡದ ಎಲ್ಲ ಎಲೆ ಕೂಡಿಸಿದಾಗ 4,800 ಬಂತು ಎನ್ನಿ. ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಇದ್ದರೆ ಒಂದು ಗಿಡದ ಪಾಲಿನ ನೆಲ 1,200 ಚದರ ಸೆಂ.ಮೀ. ಭಾಗಿಸಿದರೆ 4. ಅಂದರೆ ಒಂದು ಚದರ ಅಡಿ ನೆಲದ ಮೇಲೆ ನಾಲ್ಕು ಚದರ ಅಡಿ ಎಲೆ ಹರಡಿದೆ. ಇದೇ ಎಲೆ ವಿಸ್ತೀರ್ಣ ಸೂಚ್ಯಂಕ. 1947ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ವಿಜ್ಞಾನಿ ವ್ಯಾಟ್ಸನ್ ಈ ಅಳತೆಯನ್ನು ರೂಢಿಗೆ ತಂದರು. ಬೆಳೆಗೆ ಬಿದ್ದ ಬಿಸಿಲಿನಲ್ಲಿ ಎಷ್ಟನ್ನು ಅದು ಹಿಡಿದುಕೊಂಡಿತು, ಎಷ್ಟು ನೆಲಕ್ಕೆ ಸೋರಿತು ಎಂಬ ಲೆಕ್ಕ ಇಲ್ಲಿಂದಲೇ ಶುರುವಾಗುತ್ತದೆ.

ಅಳೆಯುವಾಗ ಕೈ ಎಚ್ಚರವಾಗಿರಬೇಕು. ಎಲೆ ದಂಟನ್ನು ಅಪ್ಪಿಕೊಂಡ ಭಾಗ ಬಿಟ್ಟು, ಅದು ಹೊರಗೆ ಹೊರಳುವ ಜಾಗದಿಂದ ತುದಿಯವರೆಗೆ ಉದ್ದ. ಅಗಲ ಹಿಡಿಯುವಾಗ ಅಂಚಿನ ಅಲೆಗಳನ್ನು ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ. ನೀರು ಕಡಿಮೆಯಾದ ಹೊಲದಲ್ಲಿ ಮಧ್ಯಾಹ್ನ ಎಲೆ ಸುರುಳಿಕೊಳ್ಳುತ್ತದೆ. 9 ಸೆಂ.ಮೀ. ಇರುವುದನ್ನು 8 ಎಂದು ಬರೆದರೆ ನೂರಕ್ಕೆ ಹನ್ನೊಂದು ಪಾಲು ಎಲೆ ಲೆಕ್ಕದಿಂದ ಮಾಯ. ಬೆಳಗ್ಗೆಯೇ ಹೋಗಿ.

ಇನ್ನು ನಾನು ಬಹಳ ಒತ್ತಿ ಹೇಳಬೇಕಾದ ಮಾತು. ಮುಕ್ಕಾಲನ್ನು ಕಣ್ಣುಮುಚ್ಚಿ ಎಲ್ಲ ಬೆಳೆಗೂ ಹಚ್ಚಬೇಡಿ. ಹತ್ತಿಯ ಎಲೆ ಸೀಳುಸೀಳು, ತೊಗರಿಯದು ಮೂರು ಎಲೆಗಳ ಗೊಂಚಲು. ನಿಮ್ಮ ತಳಿಯ ಸಂಖ್ಯೆಯನ್ನು ನೀವೇ ಕಂಡುಕೊಳ್ಳಬೇಕು. ಅಂಚಿನ ಸಾಲಿನಿಂದ ಚಿಕ್ಕದು, ದೊಡ್ಡದು, ಎಳೆಯದು, ಬಲಿತದ್ದು ಎಲ್ಲ ಸೇರಿಸಿ ನಲವತ್ತು ಐವತ್ತು ಎಲೆ ತನ್ನಿ. ಗ್ರಾಫ್ ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು ಚೌಕ ಎಣಿಸಿ. ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಪೂರ್ಣ, ಕಡಿಮೆಯಿದ್ದರೆ ಬಿಟ್ಟುಬಿಡಿ. ಆ ವಿಸ್ತೀರ್ಣವನ್ನು ಉದ್ದ-ಅಗಲದ ಗುಣಲಬ್ಧದಿಂದ ಭಾಗಿಸಿದರೆ ನಿಮ್ಮ ಸಂಖ್ಯೆ ಸಿಕ್ಕಿತು. ಅದನ್ನು ಬೇರೆಯೇ ಇಪ್ಪತ್ತು ಎಲೆಗಳ ಮೇಲೆ ಪರೀಕ್ಷಿಸಿ ನಂಬಿ. ಅಂಚಿನ ಸಾಲಿನ ಆ ಕೆಲವು ಎಲೆ ಕಿತ್ತರೆ ಒಳಗಿನ ಸಾಲುಗಳನ್ನು ಕೊನೆಯವರೆಗೆ ಮುಟ್ಟಬೇಕಾಗಿಲ್ಲ.

ಎಲೆಯಲ್ಲಿ ತೂತಿದ್ದರೆ ಅದು ಸೂತ್ರಕ್ಕೆ ಕಾಣುವುದಿಲ್ಲ. 2018ರಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲಿ. ಸುಳಿಯೊಳಗೆ ಕೂತು ತಿನ್ನುವ ಹುಳು ಅದು. ಎಲೆ ಬಿಚ್ಚಿಕೊಂಡಾಗ ಜಾಲರಿಯಂತಾಗಿರುತ್ತದೆ, ಆದರೆ ಉದ್ದ ಅಷ್ಟೇ, ಅಗಲ ಅಷ್ಟೇ. ಸ್ಕೇಲು ಹಿಡಿದವನಿಗೆ ಅದು ಇಡೀ ಎಲೆ. ಇಂಥ ಕಡೆ ಮೊಬೈಲ್ ಫೋಟೊ ನೆರವಾಗುತ್ತದೆ. ಎಲೆಯನ್ನು ಗಿಡದಲ್ಲೇ ಇಟ್ಟು, ಹಿಂದೆ ಬಿಳಿ ಹಲಗೆ ಹಿಡಿದು, ಪಕ್ಕದಲ್ಲಿ ಸ್ಕೇಲು ಇಟ್ಟು ನೇರವಾಗಿ ತೆಗೆಯಿರಿ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಹಸಿರು ಭಾಗವನ್ನಷ್ಟೇ ಎಣಿಸಿ ಕೊಡುತ್ತದೆ. ಸೂತ್ರದ ಉತ್ತರದಿಂದ ಫೋಟೊದ ಉತ್ತರ ಕಳೆದರೆ ಹುಳು ತಿಂದದ್ದೆಷ್ಟು ಎಂದು ಗೊತ್ತಾಗುತ್ತದೆ. ಎರಡನ್ನೂ ಒಟ್ಟಿಗೆ ಮಾಡುವುದು ನನಗೆ ಬಹಳ ಇಷ್ಟದ ಕೆಲಸ.

ಡ್ರೋನ್ ಬಗ್ಗೆ ಕೇಳುತ್ತೀರಿ. ದೊಡ್ಡ ಹೊಲಕ್ಕೆ ಅದು ಬೇಕೇ ಬೇಕು. ಆದರೆ ಬೆಳೆ ನೆಲ ಮುಚ್ಚಿದ ಮೇಲೆ ಮೇಲಿನಿಂದ ಕಾಣುವುದು ಮೇಲಿನ ಎಲೆ ಮಾತ್ರ. ಬೆಳೆಯಿಂದ ಮರಳಿದ ಬೆಳಕಿನಿಂದ ಹಸಿರನ್ನು ಅಂದಾಜು ಮಾಡುವ ಸಸ್ಯ ಸೂಚ್ಯಂಕದ ಚಿತ್ರದಲ್ಲಿ, ಎಲೆ ವಿಸ್ತೀರ್ಣ ಸೂಚ್ಯಂಕ ಮೂರಿದ್ದರೂ ಐದಿದ್ದರೂ ಹೆಚ್ಚು ವ್ಯತ್ಯಾಸ ತೋರುವುದಿಲ್ಲ. ಆಗ ಸಾಲಿನೊಳಗೆ ಬಗ್ಗಿ ನಡೆಯುವವರೇ ಬೇಕು.

ಹಾಗೆ ನಡೆಯುವಾಗ ಒಂದು ತೊಡಕು ಬರುತ್ತದೆ. ಕೆಳಗಿನ ಎಲೆಗಳು ಒಣಗಿ ಉದುರಿದ ಮೇಲೆ ಎಣಿಕೆ ತಪ್ಪುತ್ತದೆ, ಹೋದ ವಾರದ ಎಂಟನೇ ಎಲೆ ಈ ವಾರ ಆರನೆಯದಾಗುತ್ತದೆ. ಐದನೇ ಎಲೆಗೂ ಹತ್ತನೇ ಎಲೆಗೂ ಮೊದಲೇ ಬಣ್ಣದ ಚುಕ್ಕೆ ಇಟ್ಟುಬಿಡಿ. ಉದುರಿದ ಎಲೆಯ ಎದುರಿನ ಕಲಂ ಖಾಲಿ ಬಿಡಬೇಡಿ, ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ಆ ದಿನ ಆ ಎಲೆ ಅಳೆಯಲಿಲ್ಲವೆಂದು ಮುಂದಿನವರು ಓದಿಕೊಳ್ಳುತ್ತಾರೆ.