ವಿದೇಶಿ ಹಣ ನಿಂತಿದೆ, ಟಿಬಿ ಮಾತ್ರೆ ನಿಲ್ಲಬಾರದು

[ದೃಶ್ಯ: ಮೆಜೆಸ್ಟಿಕ್ ಬಸ್ ನಿಲ್ದಾಣ, ಚೀಲ ಹೊತ್ತು ಊರಿಗೆ ಹೊರಟವರು]

ನಮಸ್ಕಾರ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನ ತಡೆಹಿಡಿಯಿತು. ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಅಮೆರಿಕದ ಸಂಸ್ಥೆ ಯುಎಸ್‌ಏಡ್ ಬಾಗಿಲು ಹಾಕಿತು. ನಮ್ಮಲ್ಲಿ ಟಿಬಿ ಔಷಧಿಯ ಖರ್ಚು ಬಹುಪಾಲು ನಮ್ಮ ಸರ್ಕಾರದ್ದೇ, ಹಾಗಾಗಿ ನಾಳೆಯಿಂದ ಮಾತ್ರೆ ಸಿಗಲ್ಲ ಅನ್ನೋ ಭಯ ಬೇಡ. ಪೆಟ್ಟು ಬೀಳೋದು ಓಡಾಟದ ಕೆಲಸಕ್ಕೆ: ಮನೆ ಮನೆಗೆ ಹೋಗಿ ಕೆಮ್ಮು ವಿಚಾರಿಸೋದು, ಕಫದ ಡಬ್ಬಿ ಲ್ಯಾಬ್‌ಗೆ ಮುಟ್ಟಿಸೋದು, ಮಾತ್ರೆ ಬಿಟ್ಟವರನ್ನ ಹುಡುಕೋದು. ನೆರವಿನ ಹಣದಲ್ಲಿ ಸಂಸ್ಥೆಗಳು ಮಾಡ್ತಿದ್ದದ್ದು ಇಂಥದ್ದನ್ನೇ. ಆ ಹೊರೆ ಈಗ ಆಶಾ ಕಾರ್ಯಕರ್ತೆಯರು, ಕ್ಲಿನಿಕ್ ಸಿಬ್ಬಂದಿ, ಮನೆಯವರ ಹೆಗಲಿಗೆ.

ಕಫದಿಂದ ಶುರು ಮಾಡೋಣ. ಕೆಮ್ಮು ಎರಡು ವಾರ ಮೀರಿದ್ರೆ ಪರೀಕ್ಷೆ ಬೇಕೇ ಬೇಕು. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಗಾಳಿ ಆಡೋ ಕಡೆ ನಿಂತು, ಆಳವಾಗಿ ಉಸಿರೆಳೆದು ಕೆಮ್ಮಿ ತೆಗೆದ ಗಟ್ಟಿ ಕಫ 2ರಿಂದ 5 ಎಂಎಲ್ ಇರಬೇಕು. ಬರೀ ಎಂಜಲು ಕೊಟ್ರೆ ರೋಗ ಇದ್ರೂ ಇಲ್ಲ ಅಂತ ಬರಬಹುದು.

[ದೃಶ್ಯ: ಟ್ರೂನ್ಯಾಟ್ ಯಂತ್ರ, ಪಕ್ಕದಲ್ಲಿ ಎರಡು ಚಿಪ್]

ಕಫದಲ್ಲಿ ಟಿಬಿ ರೋಗಾಣು ಹುಡುಕೋ ಟ್ರೂನ್ಯಾಟ್ ಯಂತ್ರ ಬ್ಯಾಟರಿಯಲ್ಲೂ ನಡೆಯುತ್ತೆ, ಕರೆಂಟ್ ಹೋದ್ರೂ ಕೆಲಸ ನಿಲ್ಲಲ್ಲ. ಪ್ರತಿ ಪರೀಕ್ಷೆಗೂ ಹೊಸದಾಗಿ ಹಾಕೋ ಚಿಪ್ ಮುಗಿದ್ರೆ ಮಾತ್ರ ನಿಂತೇ ಹೋಗುತ್ತೆ. ಟಿಬಿ ಇದೆಯಾ ಅಂತ ಹೇಳೋದು ಒಂದು ಚಿಪ್. ಆ ರೋಗಾಣು ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತಾ ಅಂತ ಹೇಳೋದು ಇನ್ನೊಂದು. ಎರಡನೇದು ಖಾಲಿಯಾದ್ರೆ ರೋಗ ಗೊತ್ತಾಗುತ್ತೆ, ಯಾವ ಔಷಧಿ ನಾಟುತ್ತೆ ಅನ್ನೋದು ಗೊತ್ತಾಗಲ್ಲ. ಲ್ಯಾಬ್‌ನವರು ಎರಡನ್ನೂ ಬೇರೆ ಬೇರೆ ಎಣಿಸಿ, ಎಕ್ಸ್‌ಪೈರಿ ನೋಡಿ, ಮುಗಿಯೋ ಮುಂಚೆಯೇ ಇಂಡೆಂಟ್, ಅಂದ್ರೆ ಬೇಡಿಕೆ ಪಟ್ಟಿ, ಹಾಕಬೇಕು. ದಾಸ್ತಾನು ಕೈಕೊಡೋಕೆ ಅಮೆರಿಕವೇ ಕಾರಣ ಆಗಬೇಕಿಲ್ಲ: 2024ರಲ್ಲಿ ಮಾತ್ರೆಗಳ ಕೊರತೆ ಬಂದು, ನೀವೇ ಸ್ಥಳೀಯವಾಗಿ ಕೊಳ್ಳಿ ಅಂತ ಕೇಂದ್ರ ರಾಜ್ಯಗಳಿಗೆ ಹೇಳಬೇಕಾಯ್ತು.

ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ದಿನಕ್ಕೆಷ್ಟು ಮಾತ್ರೆ ಅನ್ನೋದು ತೂಕದ ಮೇಲೆ: ದೊಡ್ಡವರಲ್ಲಿ 35ರಿಂದ 49 ಕೆಜಿಗೆ ಮೂರು, 50ರಿಂದ 64ಕ್ಕೆ ನಾಲ್ಕು. ಆದ್ದರಿಂದ ಪ್ರತಿ ತಿಂಗಳೂ ತೂಕ ನೋಡಿಸಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ರೆ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ಕಣ್ಣು ಹಳದಿಯಾದ್ರೆ ಅಥವಾ ದೃಷ್ಟಿ ಮಂಜಾದ್ರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಪೀಣ್ಯದ ಕಾರ್ಖಾನೆಯಿಂದಲೋ ಕಟ್ಟಡದ ಕೆಲಸದಿಂದಲೋ ಊರಿಗೆ ಹೊರಟವರ ಚಿಕಿತ್ಸೆ ತುಂಡಾಗೋದು ದಾರಿಯಲ್ಲೇ. ಅಷ್ಟು ಹೊತ್ತಿಗೆ ಕೆಮ್ಮು, ಜ್ವರ ಇಳಿದಿರುತ್ತೆ, ವಾಸಿಯಾಯ್ತು ಅನ್ನಿಸಿರುತ್ತೆ. ಹೊರಡೋ ಮುಂಚೆ ಕ್ಲಿನಿಕ್‌ಗೆ ಹೋಗಿ ನಿಮ್ಮ ನಿಕ್ಷಯ್ ಐಡಿಯನ್ನ (ಸರ್ಕಾರದ ಟಿಬಿ ದಾಖಲೆಯಲ್ಲಿರೋ ನಿಮ್ಮ ನಂಬರು) ಊರಿನ ಹತ್ತಿರದ ಆಸ್ಪತ್ರೆಗೆ ವರ್ಗಾಯಿಸೋಕೆ ಹೇಳಿ. ಅಲ್ಲಿ ಮಾತ್ರೆ ಸಿಗೋವರೆಗೆ ಸಾಕಾಗುವಷ್ಟು ಕೈಯಲ್ಲಿ ಇಟ್ಟುಕೊಳ್ಳಿ. ತಿಂಗಳಿಗೆ 1000 ರೂಪಾಯಿ ಪೋಷಣೆಯ ಹಣ ಬರೋದೂ ಇದೇ ಐಡಿಯ ಮೇಲೆ. ಬ್ಯಾಂಕ್ ಖಾತೆ ಸರಿಯಾಗಿ ಸೇರಿದೆಯಾ ಅಂತ ಅಲ್ಲೇ ಕೇಳಿ ನೋಡಿ. ತೊಡಕಾದ್ರೆ ನಿಕ್ಷಯ್ ಸಹಾಯವಾಣಿ 1800-11-6666, ಕರೆ ಉಚಿತ.